ಉಗುರಲ್ಲಿ ಉಣುಗು ಕುಕ್ಕುವುದನ್ನು ನಾನು ಬಿಟ್ಟದ್ದು

ನಾಯಿ ಮೈಮೇಲೆ ಉಣುಗು ಕಂಡರೆ ಕೀಳುವುದು, ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಕುಕ್ಕುವುದು. ಚಿಕ್ಕಂದಿನಿಂದ ಬಂದ ಅಭ್ಯಾಸ. ಪಶುವೈದ್ಯನಾದ ಮೇಲೂ ಅದು ಹೋಗಿರಲಿಲ್ಲ.

ಒಂದು ದಿನ ಜ್ವರ ಬಂದ ನಾಯಿಯನ್ನು ತಂದರು. ಊಟ ಬಿಟ್ಟಿತ್ತು, ಕೀಲು ನೋವಿಗೆ ಕುಂಟುತ್ತಿತ್ತು. ತುಟಿ ಎತ್ತಿ ನೋಡಿದರೆ ವಸಡಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಕಿಕ್ಕಿರಿದಿತ್ತು. ಉಣುಗು ಹರಡುವ ಬ್ಯಾಕ್ಟೀರಿಯಾ ಎರ್ಲಿಕಿಯಾ ಇರಬಹುದು, ಇಲ್ಲವೇ ಮೈಮೇಲೆ ಕಲೆ ಏಳಿಸುವ ಸ್ಪಾಟೆಡ್ ಫೀವರ್ ತರುವ ರಿಕೆಟ್ಸಿಯಾ ಇರಬಹುದು. ಎರಡಕ್ಕೂ ಮದ್ದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್. ಅವತ್ತೇ ಶುರು ಮಾಡಿದೆ. ಆಮೇಲೆ ಬರಿಗೈಯಲ್ಲೇ ಕೂತು ಉಣುಗು ಕಿತ್ತು ಕುಕ್ಕಿದೆ.

ಎಂಟನೇ ದಿನ ನನಗೆ ಜ್ವರ. ತಲೆ ಸಿಡಿಯುವ ನೋವು. ವೈರಲ್ ಇರಬೇಕು ಎಂದುಕೊಂಡು ಮಾತ್ರೆ ನುಂಗಿ ಸುಮ್ನೆ ಮಲಗಿದೆ. ನಾಲ್ಕನೇ ದಿನ ಮಣಿಕಟ್ಟು, ಕಾಲಿನ ಗಂಟಿನ ಹತ್ತಿರ ಕೆಂಪು ಕಲೆ ಎದ್ದವು. ಮರುದಿನ ಅಂಗೈಯಲ್ಲೂ ಬಂದವು. ಅಂಗೈ, ಅಂಗಾಲಿಗೆ ಬರುವ ಕಲೆ ಕೆಲವೇ ಕಾಯಿಲೆಗಳಲ್ಲಿ ಕಾಣುತ್ತದೆ. ಅದನ್ನು ನೋಡಿದ ಕೂಡಲೇ ಎದ್ದು ವೈದ್ಯರ ಹತ್ತಿರ ಹೋದೆ. "ಉಣುಗು ಕುಕ್ಕಿದ್ದೆ" ಎಂದೆ. ಅದೊಂದು ಮಾತು ಸಾಕಾಯಿತು. ಅವರು ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಕೊಟ್ಟರು. ಕಾಯದಿದ್ದದ್ದೇ ಸರಿ. ಮೊದಲ ವಾರ ರಕ್ತದಲ್ಲಿ ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಇನ್ನೂ ಎದ್ದಿರುವುದಿಲ್ಲ, ಪರೀಕ್ಷೆ ನೆಗೆಟಿವ್ ಬರುವುದೇ ಹೆಚ್ಚು. ನನ್ನದೂ ನೆಗೆಟಿವ್ ಬಂತು. ಮೂರು ವಾರದ ನಂತರ ಕೊಟ್ಟ ಎರಡನೇ ರಕ್ತದಲ್ಲಿ ರಿಕೆಟ್ಸಿಯಾ ವಿರುದ್ಧದ ಪ್ರತಿಕಾಯ ನಾಲ್ಕು ಪಟ್ಟಿಗಿಂತ ಜಾಸ್ತಿ ಏರಿತ್ತು. ಅಷ್ಟರಲ್ಲಿ ನಾನು ಕೆಲಸಕ್ಕೆ ವಾಪಸ್ ಬಂದಾಗಿತ್ತು.

ಮೈಯೆಲ್ಲ ಹುಡುಕಿದರೂ ಕಚ್ಚಿದ ಗುರುತು ಸಿಗಲಿಲ್ಲ. ಎಷ್ಟೋ ರೋಗಿಗಳಿಗೆ ಕಚ್ಚಿದ್ದೇ ಗೊತ್ತಿರುವುದಿಲ್ಲ. ಆದರೆ ಉಗುರಿನ ಪಕ್ಕ ನನಗೆ ಸಿಪ್ಪೆ ಎದ್ದ ಗಾಯ ಇತ್ತು. ಒಡೆದ ಉಣುಗಿನ ರಸ ಅಂಥ ಗಾಯಕ್ಕೆ ತಾಗಿದರೂ, ಅದೇ ಕೈಯಲ್ಲಿ ಕಣ್ಣು ಉಜ್ಜಿದರೂ ಸೋಂಕು ಒಳಗೆ ಹೋಗಬಲ್ಲದು. ಸ್ಪಾಟೆಡ್ ಫೀವರನ್ನು ಉಣುಗು ಹರಡುತ್ತದೆ ಎಂದು 1906ರಲ್ಲೇ ತೋರಿಸಿದವರು ಅಮೆರಿಕದ ವಿಜ್ಞಾನಿ ಹೋವರ್ಡ್ ರಿಕೆಟ್ಸ್. ನಾಲ್ಕು ವರ್ಷದ ನಂತರ, ಇದಕ್ಕೆ ಹತ್ತಿರದ ಟೈಫಸ್ ಜ್ವರವನ್ನು ಅಭ್ಯಾಸ ಮಾಡುತ್ತಿದ್ದಾಗ ಅದೇ ಜ್ವರ ತಗುಲಿ ತೀರಿಕೊಂಡರು. ರಿಕೆಟ್ಸಿಯಾ ಎಂಬ ಹೆಸರು ಅವರದ್ದೇ.

ಈಗ ಗ್ಲೌಸ್ ಇಲ್ಲದೆ ಉಣುಗು ಮುಟ್ಟುವುದಿಲ್ಲ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಅಂಟಿದ ಕಡೆಯೇ ಹಿಡಿಯುತ್ತೇನೆ. ತಿರುಚದೆ, ಜಗ್ಗದೆ, ನಿಧಾನಕ್ಕೆ ನೇರ ಮೇಲೆ ಎಳೆದು ಸ್ಪಿರಿಟ್ ಬಾಟಲಿಗೆ ಹಾಕುತ್ತೇನೆ. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿಯಂತೂ ಬೇಡವೇ ಬೇಡ. ತಾನಾಗಿ ಬಿಡಲಿ ಎಂದು ಕಾಯುವಷ್ಟು ಹೊತ್ತೂ ಅದು ಕಚ್ಚಿಕೊಂಡೇ ಇರುತ್ತದೆ, ಅಲ್ವಾ? ಕೈ ತೊಳೆದು, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕುತ್ತೇನೆ. ಎರಡು ವಾರದೊಳಗೆ ಜ್ವರ ಬಂದರೆ ಆ ಗುರುತನ್ನು ವೈದ್ಯರಿಗೆ ಹೇಳಬೇಕು.

ನಾಯಿಯ ಮೈ ಶುದ್ಧ ಮಾಡಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಕಂದು ನಾಯಿ ಉಣುಗು ಮರಿಯಾಗಿದ್ದಾಗ, ಬೆಳೆಯುವಾಗ, ಬೆಳೆದ ಮೇಲೆ ಹೀಗೆ ಮೂರು ಸಲ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕೆಳಗೆ ಉದುರಿ ಗೋಡೆಯ ಬಿರುಕು ಸೇರುತ್ತದೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ರಿಕೆಟ್ಸಿಯಾ ತಾಯಿಯಿಂದ ಮೊಟ್ಟೆಗೂ ದಾಟುತ್ತದೆ, ಅಂದರೆ ಇನ್ನೂ ಯಾರನ್ನೂ ಕಚ್ಚದ ಮರಿಯಲ್ಲೂ ಇರಬಹುದು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲ ನಾಯಿಗಳಿಗೂ ಒಂದೇ ದಿನ ಉಣುಗಿನ ಮಾತ್ರೆ ಹಾಕಿದೆ. ಬಿರುಕು ಮುಚ್ಚಿಸಿದೆ, ಹಾಸು ಬಿಸಿನೀರಿನಲ್ಲಿ ಒಗೆಸಿದೆ. ನಾಯಿಗೆಂದು ತಂದ, ಉಣುಗು ಕೊಲ್ಲುವ ಪರ್ಮೆತ್ರಿನ್ ಮದ್ದು ಬೆಕ್ಕಿಗೆ ತಾಗಕೂಡದು, ಅದಕ್ಕೆ ಅದು ವಿಷ.

ಹುಷಾರಾದ ಮೇಲೆ ಆ ನಾಯಿಯ ಮನೆಗೆ ಫೋನ್ ಮಾಡಿದೆ. ನಾಯಿ ಚೇತರಿಸಿಕೊಂಡಿತ್ತು. ಮನೆಯ ಅಜ್ಜಿಗೆ ಎರಡು ದಿನದಿಂದ ಜ್ವರ ಎಂದರು. ನಾಯಿಯಿಂದ ನೇರ ಅಂಟುವ ಕಾಯಿಲೆಯಲ್ಲ ಇದು. ಆದರೆ ಉಣುಗು ಇಬ್ಬರಿಗೂ ಒಂದೇ. "ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಉಣುಗಿದೆ, ನಾಯಿಗೂ ಜ್ವರ ಬಂದಿತ್ತು ಅಂತ ಮೊದಲೇ ಹೇಳಿ" ಎಂದೆ. ಅಂದಿನಿಂದ ಉಣುಗು ಹತ್ತಿದ ನಾಯಿ ಬಂದರೆ ಅದರ ಟೆಂಪರೇಚರ್ ನೋಡುವ ಮುಂಚೆಯೇ ಕೇಳುತ್ತೇನೆ, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ ಎಂದು.