ಪೈಪಿನ ಫ್ರೇಮಿಗೆ ವೆಲ್ಡರ್ ಪರೀಕ್ಷೆ: ಸರಿಯಾದ ಟೆಸ್ಟ್ ಪೀಸ್ ಆರಿಸುವುದು ಹೇಗೆ

ಪಂಪು, ಜನರೇಟರ್, ಕನ್ವೇಯರ್ ಕೂರಿಸುವ ಪೈಪಿನ ಫ್ರೇಮುಗಳ ಆರ್ಡರು ಯೂರೋಪಿನದಾದರೆ ಗ್ರಾಹಕರು ಸಾಮಾನ್ಯವಾಗಿ ಐಎಸ್‌ಒ 9606-1 (ಉಕ್ಕು ಬೆಸೆಯುವ ವೆಲ್ಡರ್‌ಗಳ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರದ ವೆಲ್ಡರ್ ಸರ್ಟಿಫಿಕೇಟ್ ಕೇಳುತ್ತಾರೆ. ಪ್ಲೇಟಿನ ಮೇಲೆ ಪಾಸಾದ ಕಾಗದ ಇಲ್ಲಿ ನಡೆಯುವುದಿಲ್ಲ. ಪ್ಲೇಟ್ ಪರೀಕ್ಷೆ 500 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಪೈಪಿಗೆ ಸಲ್ಲುತ್ತದೆ. ಪೈಪನ್ನು ತಿರುಗಿಸುತ್ತ ವೆಲ್ಡ್ ಮಾಡುವುದಾದರೆ 75 ಮಿ.ಮೀ.ನಿಂದ ಮೇಲಕ್ಕೆ. ಫ್ರೇಮಿನಲ್ಲಿ 500 ಮಿ.ಮೀ. ವ್ಯಾಸದ ಪೈಪು ಅಪರೂಪ, ತಿರುಗಿಸುತ್ತ ವೆಲ್ಡ್ ಮಾಡುವುದೂ ಅಪರೂಪ.

ಮೊದಲು ಡ್ರಾಯಿಂಗ್ ನೋಡಿ ಇಷ್ಟನ್ನು ಬರೆದುಕೊಳ್ಳಿ: ಅತಿ ಸಣ್ಣ ಹೊರವ್ಯಾಸ, ಗೋಡೆಯ ಕನಿಷ್ಠ ಮತ್ತು ಗರಿಷ್ಠ ದಪ್ಪ, ಬಟ್ ಜಾಯಿಂಟ್ (ತುದಿಗೆ ತುದಿ ಸೇರಿಸುವುದು) ಎಷ್ಟು, ಫಿಲೆಟ್ (ಮೂಲೆಯಲ್ಲಿ ತುಂಬುವ ವೆಲ್ಡ್) ಎಷ್ಟು, ಬ್ರೇಸಿಂಗ್ (ಓರೆಯಾಗಿ ಕೊಡುವ ಆಸರೆ ಕೊಳವೆ) ಕೋನ. ಚೌಕ ಅಥವಾ ಆಯತಾಕಾರದ ಟ್ಯೂಬ್ ಆದರೆ ಅದರ ಚಿಕ್ಕ ಬದಿಯೇ ವ್ಯಾಸದ ಲೆಕ್ಕಕ್ಕೆ ಬರುತ್ತದೆ.

ವ್ಯಾಸ 25 ಮಿ.ಮೀ. ಮೀರಿದ ಟೆಸ್ಟ್ ಪೀಸು (ವೆಲ್ಡರ್ ಪರೀಕ್ಷೆಗೆ ವೆಲ್ಡ್ ಮಾಡಿ ತೋರಿಸುವ ತುಂಡು) ತನ್ನ ಅರ್ಧ ವ್ಯಾಸದಿಂದ ಮೇಲಿನ ಎಲ್ಲಕ್ಕೂ ಅರ್ಹತೆ ಕೊಡುತ್ತದೆ, ಆದರೆ 25ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ 48.3 ಮಿ.ಮೀ. ಪೈಪು, ಅಂದರೆ ಅಂಗಡಿಯಲ್ಲಿ ಒಂದೂವರೆ ಇಂಚು ಎಂದು ಸಿಗುವುದು, ಒಳ್ಳೆಯ ಆಯ್ಕೆ. ಇನ್ನೊಂದು ಲಾಭವೂ ಇದೆ. ಪರೀಕ್ಷಿಸಲು ಕನಿಷ್ಠ 150 ಮಿ.ಮೀ. ವೆಲ್ಡ್ ಬೇಕು, ಈ ಪೈಪಿನ ಸುತ್ತಳತೆ ಸುಮಾರು 152. ಒಂದೇ ಪೀಸು ಸಾಕು. 42.4 ಮಿ.ಮೀ. ಪೈಪಿನ ಸುತ್ತಳತೆ 133, ಎರಡು ಪೀಸು ಮಾಡಬೇಕಾಗುತ್ತದೆ.

ದಪ್ಪದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಬಟ್ ವೆಲ್ಡಿನಲ್ಲಿ 3.2 ಮಿ.ಮೀ. ದಪ್ಪ ವೆಲ್ಡ್ ಮಾಡಿದರೆ ಸಿಗುವ ಅರ್ಹತೆ 3ರಿಂದ 6.4ರವರೆಗೆ. ಫ್ರೇಮಿನಲ್ಲಿ 2 ಮಿ.ಮೀ. ಗೋಡೆಯ ಬಟ್ ಜಾಯಿಂಟ್ ಒಂದಿದ್ದರೂ ಅದು ಹೊರಗುಳಿಯಿತು. 2 ಮಿ.ಮೀ.ನಲ್ಲಿ ಪರೀಕ್ಷೆ ಕೊಟ್ಟರೆ 2ರಿಂದ 4ರವರೆಗೆ.

ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ತಿರುಗಿಸದೆ, ಕೆಳಗಿನಿಂದ ಮೇಲಕ್ಕೆ ವೆಲ್ಡ್ ಮಾಡುವ ಎಚ್-ಎಲ್045 ಸ್ಥಾನವನ್ನೇ ಆರಿಸಿ. ಪೈಪನ್ನು ಅಡ್ಡಲಾಗಿ ಬಿಗಿದು ಕೆಳಗಿನಿಂದ ಮೇಲಕ್ಕೆ ವೆಲ್ಡ್ ಮಾಡುವ ಪಿಎಚ್ ಸ್ಥಾನ ಸುಲಭ, ಆದರೆ ನಿಂತ ಕಂಬದ ಸುತ್ತ ಬರುವ ಬಟ್ ಜಾಯಿಂಟಿಗೆ ಅದು ಅನ್ವಯಿಸುವುದಿಲ್ಲ. ತೆಳು ಟ್ಯೂಬಿಗೆ ಸಿಒ2 ಗನ್ ಹಿಡಿದವರ ಕೈ ಮೇಲಿನಿಂದ ಕೆಳಕ್ಕೆ ಎಳೆಯುವುದೇ ಹೆಚ್ಚು. ಎಚ್-ಎಲ್045 ಅದನ್ನು ಒಳಗೊಳ್ಳುವುದಿಲ್ಲ, ಬೇರೆ ಪರೀಕ್ಷೆ ಬೇಕು. ಹಾಗೆ ಕೆಳಕ್ಕೆ ಎಳೆದಾಗ ಕರಗಿದ ಲೋಹ ಆರ್ಕಿಗಿಂತ ಮುಂದೆ ಹರಿದು, ಜಾಯಿಂಟಿನ ಬದಿ ಕರಗದೆ ಉಳಿಯಬಹುದು.

ಜಾಯಿಂಟಿನ ಹಿಂಬದಿಗೆ ಆಸರೆಯ ಪಟ್ಟಿ ಇಡದೆ, ಒಂದೇ ಬದಿಯಿಂದ ವೆಲ್ಡ್ ಮಾಡಿಸಿ. ಪಟ್ಟಿ ಇಟ್ಟು ಪಾಸಾದವರು ಪಟ್ಟಿಯಿಲ್ಲದ ಜಾಯಿಂಟ್ ಮಾಡುವಂತಿಲ್ಲ. 3.2 ಮಿ.ಮೀ. ಗೋಡೆಗೆ ಎರಡೂ ತುದಿ 30 ಡಿಗ್ರಿ ಬೆವೆಲ್ (ಓರೆ ಕಡಿತ), 2ರಿಂದ 2.5 ಮಿ.ಮೀ. ಗ್ಯಾಪ್, ಮೂರು ಟ್ಯಾಕ್ (ತಾತ್ಕಾಲಿಕ ಸಣ್ಣ ವೆಲ್ಡ್). ರೂಟಿನಲ್ಲೂ (ತಳದ ಮೊದಲ ಪದರ) ಕೊನೆಯ ಪಾಸಿನಲ್ಲೂ (ಮೇಲಿನ ಪದರ) ಒಮ್ಮೆಯಾದರೂ ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಆ ಜಾಗಕ್ಕೆ ಗುರುತು ಹಾಕಬೇಕು. ಹೆಚ್ಚಿನ ಪೀಸುಗಳು ಫೇಲಾಗುವುದು ಅಲ್ಲೇ. ನಿಲ್ಲಿಸಿದ ತುದಿಯನ್ನು ಗ್ರೈಂಡರಿನಲ್ಲಿ ಇಳಿಜಾರು ಮಾಡಿಕೊಂಡು ಮುಂದುವರಿಯಿರಿ.

ಸಿಒ2 ಅಥವಾ ಮ್ಯಾಗ್ (ತಂತಿ ಮತ್ತು ಅನಿಲ ಬಳಸುವ ಗನ್) ವೆಲ್ಡ್ ಆದರೆ ಎಕ್ಸ್-ರೇ ಒಂದರಿಂದಲೇ ಪಾಸು ಮಾಡುವಂತಿಲ್ಲ. ಜೊತೆಗೆ ಬೆಂಡ್ ಅಥವಾ ಮುರಿದು ನೋಡುವ ಪರೀಕ್ಷೆ ಕಡ್ಡಾಯ. ಬದಿ ಕರಗದ ದೋಷ ಎಕ್ಸ್-ರೇಗೆ ತಪ್ಪಿಸಿಕೊಳ್ಳಬಹುದು, ಬಗ್ಗಿಸಿದಾಗ ಬಾಯಿ ಬಿಡುತ್ತದೆ.

ಬಟ್ ಪರೀಕ್ಷೆ ತನ್ನಷ್ಟಕ್ಕೆ ಫಿಲೆಟ್‌ಗೆ ಅರ್ಹತೆ ಕೊಡುವುದಿಲ್ಲ. ಗಸೆಟ್ (ಮೂಲೆಗೆ ಬಲ ಕೊಡುವ ಪ್ಲೇಟು), ಪಾದದ ಪ್ಲೇಟುಗಳಿಗಾಗಿ 10 ಮಿ.ಮೀ. ಅಥವಾ ಹೆಚ್ಚು ದಪ್ಪದ ಪ್ಲೇಟಿನಲ್ಲಿ ಒಂದೇ ಪಾಸಿನ ಪೂರಕ ಫಿಲೆಟ್ ಪೀಸನ್ನು ಅದೇ ದಿನ ಮಾಡಿಸಿಬಿಡಿ. ಬ್ರೇಸಿಂಗ್ ಕೊಳವೆಯ ತುದಿಗೆ ಬಟ್ ವೆಲ್ಡ್ ಇದ್ದು, ಕೋನ 60 ಡಿಗ್ರಿಗಿಂತ ಕಡಿಮೆಯಿದ್ದರೆ ಪೈಪಿನ ಬಟ್ ಪರೀಕ್ಷೆ ಸಾಲದು. 45 ಡಿಗ್ರಿಯ ಬ್ರೇಸಿಗೆ ಅದೇ ಕೋನದ ಮಾದರಿ ಜಾಯಿಂಟ್ ಮಾಡಿಸಿ, ಕತ್ತರಿಸಿ ನೋಡಬೇಕು.

ಸರ್ಟಿಫಿಕೇಟು ಚಾಲ್ತಿಯಲ್ಲಿರಲು ಆರು ತಿಂಗಳಿಗೊಮ್ಮೆ ವೆಲ್ಡಿಂಗಿನ ಜವಾಬ್ದಾರಿ ಹೊತ್ತವರ ಸಹಿ ಬೇಕು, ಆ ಅವಧಿಯಲ್ಲಿ ವೆಲ್ಡರ್ ಅದೇ ವ್ಯಾಪ್ತಿಯ ಕೆಲಸ ಮಾಡಿದ್ದಾರೆಂದು. ಸಾಮಾನ್ಯ ಆಯ್ಕೆಯಲ್ಲಿ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ.