ಜೋಡಿ ಹೆಸರಿನ ಹಾಡಿನಲ್ಲಿ ಒಬ್ಬನ ಕೈ ಗುರುತಿಸಿದ್ದು

ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ತಮ್ಮ ಇಂಗ್ಲಿಷ್ ಸಂಗೀತ ತಂಡ ಬೀಟಲ್ಸ್‌ಗಾಗಿ ಒಬ್ಬರೇ ಕಟ್ಟಿದ ಹಾಡಿಗೂ ಇಬ್ಬರ ಹೆಸರನ್ನೇ ಹಾಕುತ್ತಿದ್ದರು. 1965ರ ‘ಇನ್ ಮೈ ಲೈಫ್’ ಹಾಡಿನ ಸಾಹಿತ್ಯ ಲೆನನ್‌ನದೆಂಬುದರಲ್ಲಿ ತಕರಾರಿಲ್ಲ. ಧಾಟಿಯ ವಿಷಯದಲ್ಲಿ ಮಾತ್ರ ಇಬ್ಬರ ನೆನಪೂ ಬೇರೆಯಾಗಿತ್ತು. ಸ್ವರಗಳನ್ನು ಎಣಿಸಿ ಇದನ್ನು ಬಿಡಿಸುತ್ತೇನೆಂದಾಗ ಮುಂಬೈನ ಮಾಟುಂಗದ ನಮ್ಮ ಗೆಳೆಯರ ಬಳಗ ‘ಸಂಗೀತವೇನು ಅಂಗಡಿಯ ಲೆಕ್ಕವೇ’ ಎಂದು ಕೇಳಿತು.

ಮೊದಲು ಸಾಹಿತ್ಯದ ಪದಗಳನ್ನು ಎಣಿಸಿ ಎರಡು ತಿಂಗಳು ಕಳೆದುಕೊಂಡೆ. ‘ನಾನು’, ‘ನೀನು’, ‘ಪ್ರೀತಿ’ ಇಬ್ಬರಲ್ಲೂ ಒಂದೇ ಸಮ ಬರುತ್ತಿದ್ದುದರಿಂದ ಅರ್ಧಕ್ಕರ್ಧ ಉತ್ತರ ತಪ್ಪಾಯಿತು. ಆಮೇಲೆ ಮೂರೂವರೆ ಸಾವಿರ ರೂಪಾಯಿ ಕೊಟ್ಟು ಸ್ವರಲಿಪಿಯ ಪುಸ್ತಕ ತಂದು, ಇಬ್ಬರೂ ಜೊತೆಯಾಗಿ ಹಾಡುವ ಕಡೆಯಲ್ಲೆಲ್ಲ ಮೇಲಿನ ದನಿಯನ್ನೇ ಧಾಟಿಯೆಂದು ಬರೆದುಕೊಂಡೆ. ಲೆನನ್‌ನ ಎಷ್ಟೋ ಹಾಡುಗಳಲ್ಲಿ ಮೇಲಿನ ದನಿ ಮೆಕಾರ್ಟ್ನಿಯದಾಗಿದ್ದರಿಂದ ಲೆಕ್ಕವೆಲ್ಲ ಅವನ ಕಡೆಗೇ ವಾಲಿತು.

ಕೊನೆಗೆ ಡೊಂಬಿವಲಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರಿಗೆ ಹಾಡಿಗೆ ನೂರೈವತ್ತರಂತೆ ಕೊಟ್ಟು, 1966ರವರೆಗಿನ, ಕರ್ತೃವಿನ ಬಗ್ಗೆ ವಿವಾದವಿಲ್ಲದ ಸುಮಾರು ಅರವತ್ತು ಹಾಡುಗಳನ್ನು ಕಿವಿಯಿಂದಲೇ ಬರೆಸಿದೆ. ಪ್ರತಿ ಹಾಡಿನ ಆಧಾರಸ್ವರವನ್ನೂ ಷಡ್ಜಕ್ಕೆ, ಅಂದರೆ ‘ಸಾ’ಗೆ, ತಂದು, ಒಂದು ಸ್ವರದಿಂದ ಮುಂದಿನದಕ್ಕೆ ಹೋಗುವ ಹೆಜ್ಜೆಗಳನ್ನು ಎಕ್ಸೆಲ್‌ನಲ್ಲಿ ಎಣಿಸಿದಾಗ ಇಬ್ಬರೂ ಬೇರೆಬೇರೆಯಾಗಿ ಕಂಡರು. ಲೆನನ್ ಸಾ–ಸಾ–ಸಾ ಎಂದು ಒಂದೇ ಮನೆಯಲ್ಲಿ ನಿಂತು ಪಕ್ಕದ ಸ್ವರಕ್ಕೆ ಮೆಲ್ಲನೆ ಕಾಲಿಡುತ್ತಾನೆ. ಮೆಕಾರ್ಟ್ನಿ ಪಂಚಮದಿಂದ (ಪ) ತಾರಷಡ್ಜಕ್ಕೆ (ಮೇಲಿನ ಸಾ) ನೆಗೆಯಲು ಹಿಂಜರಿಯುವುದಿಲ್ಲ. ಅಪರೂಪದ ಹೆಜ್ಜೆಗಳಿಗೆ ಎಷ್ಟು ತೂಕ ಕೊಟ್ಟೆನೆಂಬುದನ್ನು ಸದ್ಯಕ್ಕೆ ಹೇಳಲಾರೆ, ಅದರ ಹಿಂದೆ ಒಂದು ಮಳೆಗಾಲದ ದುಡಿಮೆಯಿದೆ. ಒಂದೊಂದೇ ಹಾಡನ್ನು ಬದಿಗಿಟ್ಟು ಉಳಿದವುಗಳಿಂದ ಊಹಿಸಿದರೆ ನಾಲ್ಕರಲ್ಲಿ ಮೂರು ಸರಿಯಾಗುತ್ತಿದ್ದವು.

ಇದೇ ಲೆಕ್ಕವನ್ನು ನಮ್ಮ ಭಜನಾ ಮಂಡಳಿಯ ಇಬ್ಬರು ಹಿರಿಯರು ಕೂಡಿ ಧಾಟಿ ಹಾಕಿದ ಒಂಬತ್ತು ಭಜನೆಗಳ ಮೇಲೂ ನಡೆಸಿದೆ. ಭೀಮಪಲಾಸಿ ರಾಗವಾದರೆ ಆರೋಹದಲ್ಲಿ, ಅಂದರೆ ಸ್ವರ ಏರುವಾಗ, ರಿಷಭ (ರಿ), ಧೈವತ (ಧ) ಎರಡೂ ವರ್ಜ್ಯ. ಹೀಗೆ ಹೆಜ್ಜೆಗಳನ್ನು ರಾಗವೇ ಮೊದಲು ಕಟ್ಟಿಹಾಕಿರುವುದರಿಂದ ಯಾರ ಕೈಯೂ ಕಾಣಲಿಲ್ಲ.

‘ಇನ್ ಮೈ ಲೈಫ್’ನ ಧಾಟಿ ಮಾತ್ರ, ನನ್ನ ಲೆಕ್ಕದಲ್ಲಿ, ಲೆನನ್‌ನದಾಗಿರುವ ಸಾಧ್ಯತೆ ನೂರಕ್ಕೆ ಎಂಬತ್ತು. ಗ್ಲಿಕ್‌ಮನ್ ಮತ್ತು ಬ್ರೌನ್ ಎಂಬ ಸಂಖ್ಯಾಶಾಸ್ತ್ರ, ಗಣಿತದ ವಿದ್ವಾಂಸರು 149 ಲಕ್ಷಣಗಳನ್ನು ಅಳೆದು 2018ರಲ್ಲಿ ಲೆನನ್‌ನ ಕಡೆಗೇ ಬೆರಳು ತೋರಿಸಿದ್ದರು. ನಾನು ಅಲ್ಲಿಗೆ ತಲುಪಿದ್ದು ನಲವತ್ತು ಬಗೆಯ ಸ್ವರದ ಹೆಜ್ಜೆಗಳಿಂದ, ಒಟ್ಟು ಹದಿಮೂರು ಸಾವಿರ ರೂಪಾಯಿಯೊಳಗೆ. ಪಲ್ಲವಿ ಮುಗಿದ ಮೇಲಿನ ನಡುಭಾಗವನ್ನು ಪ್ರತ್ಯೇಕವಾಗಿ ಎಣಿಸಿದರೆ ತಕ್ಕಡಿ ಹೆಚ್ಚುಕಡಿಮೆ ಸಮನಾಗುತ್ತದೆ. ಅಲ್ಲಿ ಮೆಕಾರ್ಟ್ನಿಯ ಸಹಾಯವಿತ್ತೆಂದು ಲೆನನ್ ತಾನೇ ಒಪ್ಪಿದ್ದ.