ಐಕ್ಲರ್ ಮನೆಯ ನೆಲ: ಎಲ್ಲರೂ ಮುಚ್ಚಿಬಿಡಿ ಅಂದರು, ನಾನು ಅಗೆದೆ

ಮೂರು ಚಳಿಗಾಲ ಕಳೆಯಿತು. ನಮ್ಮ ಮನೆ ಬೆಚ್ಚಗಾಗುವುದು ಕಾಂಕ್ರೀಟ್ ನೆಲದೊಳಗೆ ಹೂತ ತಾಮ್ರದ ಪೈಪುಗಳಲ್ಲಿ ಸುತ್ತುವ ಬಾಯ್ಲರಿನ ಬಿಸಿನೀರಿನಿಂದ. ಅದು ಸೋರುತ್ತಿದ್ದುದನ್ನು ನಾನೇ ಅಗೆದು ಸರಿಮಾಡಿದ ಮೇಲೆ ಒತ್ತಡದ ಗೇಜಿನ ಮುಳ್ಳು 12 ಬಿಟ್ಟು ಕದಲಿಲ್ಲ. ಇನ್ನು ಬಾಯಿಬಿಟ್ಟರೆ ದೃಷ್ಟಿಯಾಗಲಾರದು ಅನ್ನಿಸಿ ಬರೆಯುತ್ತಿದ್ದೇನೆ.

ಸನ್ನಿವೇಲ್‌ನಲ್ಲಿ ನಮ್ಮದು 1960ರ ಐಕ್ಲರ್ ಮನೆ. ಜೋಸೆಫ್ ಐಕ್ಲರ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿಸಿದ ಸುಮಾರು 11,000 ಮನೆಗಳಲ್ಲಿ ಒಂದು. ಇಂಥ ಮನೆಯಲ್ಲಿ ಇರುವವರಿಗೆ ತೊಲೆ, ಗಾಜು, ಚಪ್ಪಟೆ ಸೂರಿನ ವರ್ಣನೆ ಬೇಕಿಲ್ಲ. ಕೊಳ್ಳುವಾಗ ನಾನು ಮರುಳಾಗಿದ್ದು ಮಧ್ಯದ ಏಟ್ರಿಯಮ್‌ಗೆ, ಅಂದರೆ ಸೂರಿಲ್ಲದ ಒಳಂಗಳಕ್ಕೆ. ಅಮ್ಮ ಹಾಸನದಿಂದ ಬಂದವಳು ಮುಂಬಾಗಿಲು ದಾಟಿ, ಮೇಲೆ ಆಕಾಶ ನೋಡಿ, "ಇದು ತೊಟ್ಟಿ ಮನೆ ಕಣೋ, ನೀರು ಹೋಗೋಕೆ ದಾರಿ ಎಲ್ಲಿ?" ಅಂದಳು. ನಾನು ನಕ್ಕೆ. ಆ ಜನವರಿಯಲ್ಲೇ ನೀರು ಹೋಗುವ ಜಾಲರಿಗೆ ಎಲೆ ಕಟ್ಟಿಕೊಂಡು ಮಳೆನೀರು ಹಾಲಿಗೆ ನುಗ್ಗಿತು. ಈಗ ಮಳೆಗಾಲಕ್ಕೆ ಮುಂಚೆ ಆ ಜಾಲರಿಗೆ ಕೈ ಹಾಕುವುದು ನನ್ನ ವ್ರತ.

ಇನ್ನೊಂದು ಕಾರಣವೂ ಇತ್ತು. ಕೊಳ್ಳುವವರ ಮೈಬಣ್ಣ ನೋಡಿ ಮನೆ ಮಾರುತ್ತಿದ್ದ ಕಾಲದಲ್ಲಿ ಐಕ್ಲರ್ ಯಾರಿಗಾದರೂ ಮಾರುತ್ತಿದ್ದ. ಕಟ್ಟಡದವರ ರಾಷ್ಟ್ರೀಯ ಸಂಘ ಅದಕ್ಕೆ ಒಪ್ಪದಿದ್ದಾಗ 1958ರಲ್ಲಿ ಸಂಘವನ್ನೇ ಬಿಟ್ಟ. ಕಂತು ಕಟ್ಟುವಾಗ ಅದು ನೆನಪಾದರೆ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತದೆ.

ಈಗ ನೆಲದ ವಿಷಯ. ನಾವು ಬಂದ ಎರಡನೇ ವರ್ಷ ಮಲಗುವ ಕೋಣೆಗಳ ಕಡೆ ನೆಲ ತಣ್ಣಗಾಯಿತು. ನೀರು ತಾನಾಗಿ ತುಂಬುವ ವಾಲ್ವ್ ಹಗಲೂ ರಾತ್ರಿ ಸುಯ್ ಅನ್ನುತ್ತಿತ್ತು. ಅದನ್ನು ತಿರುಗಿಸಿ ಮುಚ್ಚಿದೆ. ರಾತ್ರಿ 12 ಇದ್ದ ಒತ್ತಡ ಬೆಳಗ್ಗೆ 4. ಆ ವಾಲ್ವನ್ನು ತೆರೆದಿಟ್ಟುಕೊಂಡವರಿಗೆ ಸೋರುವುದೇ ಗೊತ್ತಾಗುವುದಿಲ್ಲ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಹೋಗಿ ಬಾಯ್ಲರನ್ನೂ ತಿನ್ನುತ್ತಿರುತ್ತದೆ. ಇವತ್ತೇ ಹೋಗಿ ಮುಚ್ಚಿ ನೋಡಿ.

ಮೂವರು ಗುತ್ತಿಗೆದಾರರು ಬಂದರು. ಮೂವರದ್ದೂ ಒಂದೇ ಮಾತು: ಪೈಪು ಸತ್ತಿದೆ, ಎರಡೂ ತುದಿ ಮುಚ್ಚಿ, ಗೋಡೆಗೆ ಮಿನಿ ಸ್ಪ್ಲಿಟ್ (ಬಿಸಿಗಾಳಿಯನ್ನೂ ಕೊಡುವ ಏಸಿ) ಹಾಕಿಸಿ. ನಾಲ್ಕು ಕೋಣೆಗೆ 26 ಸಾವಿರದಿಂದ 31 ಸಾವಿರ ಡಾಲರ್. 100 ಆಂಪಿಯರ್ ಕರೆಂಟು ಸಾಲದು, ಪ್ಯಾನೆಲ್ ಬದಲಿಸುವುದು ಬೇರೆ. ಸೋರುವ ಜಾಗ ಹುಡುಕುವವನೊಬ್ಬ 1,800 ಕೇಳಿದ, ಗ್ಯಾರಂಟಿ ಇಲ್ಲ ಅಂದ. "ರೀ, ಎಲ್ಲರೂ ಒಂದೇ ಹೇಳ್ತಿದಾರೆ, ನಿಮ್ಮೊಬ್ಬರಿಗೆ ಮಾತ್ರ ಜಾಸ್ತಿ ಗೊತ್ತಾ?" ಅಂತ ಮನೆಯವಳು. ಗೊತ್ತಿರಲಿಲ್ಲ. ಆದರೆ ಆರು ಸುತ್ತು ಪೈಪಿನಲ್ಲಿ ಒಂದು ಸೋರಿದರೆ ಆರನ್ನೂ ಹೂಳುವುದು ಯಾವ ನ್ಯಾಯ?

ಮೊದಲು ಮಾಡಿದ್ದು ಸೋಮಾರಿ ಕೆಲಸ. ಸೋರಿಕೆ ಮುಚ್ಚುತ್ತದೆ ಅನ್ನುವ ದ್ರವ ತಂದು ಸುರಿದೆ, 60 ಡಾಲರ್. ತೂತು ಹಾಗೇ ಇತ್ತು, ಪಂಪು ಕಚ್ಚಿಕೊಂಡಿತು. ಹೊಸ ಪಂಪಿಗೆ 180ರ ಆಸುಪಾಸು.

ಆಮೇಲೆ ಮೊಬೈಲಿಗೆ ಸಿಕ್ಕಿಸುವ ಶಾಖದ ಕ್ಯಾಮೆರಾ ಕೊಂಡೆ. ನೆಲದ ಮೇಲೆ ಪೈಪುಗಳು ಚಕ್ಕುಲಿ ಸುತ್ತಿದ ಹಾಗೆ ಕಂಡವು. ಒಂದು ಕಡೆ ಹಳದಿ ಮಚ್ಚೆ ದಪ್ಪಗಿತ್ತು. ಸಿಕ್ಕಿತು ಅಂತ ಬಾಡಿಗೆ ಸುತ್ತಿಗೆ ಯಂತ್ರ ತಂದು ಎರಡಡಿ ಅಗಲ ಒಡೆದೆ. ಅಲ್ಲಿ ಪೈಪು ಬಾಗಿ ಮೇಲಕ್ಕೆ ಬಂದಿತ್ತು, ಅಷ್ಟೇ. ಒಂದು ಹನಿ ಸೋರಿಕೆ ಇಲ್ಲ. ಇರಲಿಲ್ಲ ಅನ್ನಬೇಕು, ಏಕೆಂದರೆ ಕೊನೆಯ ಏಟಿಗೆ ಉಳಿ ಜಾರಿ ನಾನೇ ತೂತು ಮಾಡಿದೆ. ಒಂದಿದ್ದದ್ದು ಎರಡಾಯಿತು. ಆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

(ಒಡೆಯುವ ಮುಂಚೆ ಒಂದು ಮಾತು. ಕಾರ್ಪೆಟ್ ಕೆಳಗೆ 9 ಇಂಚಿನ ಚೌಕದ ಹಳೆಯ ಟೈಲು ಇದ್ದರೆ ಅದರಲ್ಲೂ ಅಂಟಿನಲ್ಲೂ ಆಸ್ಬೆಸ್ಟಾಸ್ ಇರಬಹುದು. ಲ್ಯಾಬಿಗೆ ಒಂದು ಚೂರು ಕಳಿಸಿ ನೋಡಿ. ಇನ್ನು 1950ರ ದಶಕದ ಮೊದಲ ವರ್ಷಗಳ ಕೆಲವು ಮನೆಗಳಲ್ಲಿ, ಕೊರಿಯಾ ಯುದ್ಧದಿಂದ ತಾಮ್ರಕ್ಕೆ ಬರ ಬಂದು, ಉಕ್ಕಿನ ಪೈಪು ಹಾಕಿದ್ದಾರೆ. ನಿಮ್ಮದು ಅದಾದರೆ ನನ್ನ ಮಾತು ಕೇಳಿ ಸುತ್ತಿಗೆ ಎತ್ತಬೇಡಿ.)

ಬೆಸುಗೆ ಇನ್ನೊಂದು ಗೋಳು. ಪೈಪಿನಲ್ಲಿ ನೀರು ಜಿನುಗುತ್ತಿದ್ದರೆ ಎಷ್ಟು ಬೆಂಕಿ ಕೊಟ್ಟರೂ ತಾಮ್ರ ಕೆಂಪಾಗುವುದಿಲ್ಲ. ಬ್ರೆಡ್ಡು ತುರುಕಿ ನೀರು ತಡೆಯುವುದು ಪ್ಲಂಬರುಗಳ ಹಳೆಯ ಉಪಾಯ, ಆಮೇಲೆ ಅದು ಕರಗಿ ಹೋಗುತ್ತದೆ. ಅವತ್ತು ಮನೆಯಲ್ಲಿ ಬ್ರೆಡ್ಡು ಇರಲಿಲ್ಲ, ಚಪಾತಿ ಇತ್ತು. ನೀವು ಮಾಡಬೇಡಿ. ನಮ್ಮ ಮನೆಯ ಚಪಾತಿ ಕರಗುವ ಜಾತಿಯದಲ್ಲ, ಎರಡು ದಿನ ಬಿಟ್ಟು ಇಡಿಯಾಗಿ ಪೈಪಿನ ಜಾಲರಿಯಲ್ಲಿ ಸಿಕ್ಕಿತು. ಕಡೆಗೆ ಕಂಪ್ರೆಸರ್ ಹಚ್ಚಿ ಆ ಸುತ್ತನ್ನು ಪೂರ್ತಿ ಊದಿ ಒಣಗಿಸಿದೆ. ಬೆಸುಗೆಗೆ 15 ಶೇಕಡ ಬೆಳ್ಳಿಯ ಕಡ್ಡಿ, ತಾಮ್ರಕ್ಕೆ ತಾಮ್ರವಾದ್ದರಿಂದ ಫ್ಲಕ್ಸ್ ಅನ್ನುವ ಲೇಪ ಬೇಡ. ಐದನೇ ಸಲಕ್ಕೆ ಕೈ ಕೂತಿತು.

ಅಸಲಿ ತೂತು ಸಿಕ್ಕಿದ್ದು ಕಿವಿಯಿಂದ. ಸುತ್ತುಗಳೆಲ್ಲ ಸೇರುವ ಮ್ಯಾನಿಫೋಲ್ಡ್‌ನಲ್ಲಿ ಒಂದೊಂದೇ ಸುತ್ತು ಬೇರೆ ಮಾಡಿ, ಒತ್ತಡ ಇಳಿಯುವುದು ಯಾವುದು ಅಂತ ಹಿಡಿದೆ. ಅದರಲ್ಲಿ ನೀರು ತೆಗೆದು ಸುಮಾರು 40 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿದೆ. ಹಗಲು ಹೆದ್ದಾರಿಯ ಮೊರೆತ, ಫ್ರಿಜ್ಜಿನ ಗುಂಯ್. ರಾತ್ರಿ ಎರಡು ಗಂಟೆಗೆ ಎದ್ದು, ಫ್ರಿಜ್ಜು ಆರಿಸಿ, 25 ಡಾಲರಿನ ಸ್ಟೆತಸ್ಕೋಪ್ ಹಾಕಿಕೊಂಡು ನೆಲದ ಮೇಲೆ ತೆವಳಿದೆ. ಬರೀ ಸ್ಟೆತಸ್ಕೋಪಿಗೆ ಕೇಳಿಸುವುದಿಲ್ಲ. ಅದಕ್ಕೂ ನೆಲಕ್ಕೂ ನಡುವೆ ನಾನೊಂದು ವಸ್ತು ಇಡುತ್ತೇನೆ, ಅಡುಗೆಮನೆಯದೇ. ಅದನ್ನು ಇಲ್ಲಿ ಹೇಳುವುದಿಲ್ಲ, ಮೂರು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡದ್ದು. ಮಗಳ ಕೋಣೆಯ ಬಾಗಿಲ ಹತ್ತಿರ ಸಣ್ಣಗೆ ಸುಸ್ಸ್ ಅಂತ ಕೇಳಿತು. ಬೆಳಿಗ್ಗೆ ಒಂದಡಿ ಅಗಲ ಒಡೆದೆ. ಕಾಂಕ್ರೀಟಿನ ಜಲ್ಲಿಕಲ್ಲು ಅರವತ್ತು ವರ್ಷ ಉಜ್ಜಿ ಉಜ್ಜಿ ಪೈಪನ್ನು ತೆಳ್ಳಗೆ ಮಾಡಿತ್ತು. ಸಾಸಿವೆ ಹೋಗುವಷ್ಟು ತೂತು.

ಆ ತುಂಡು ಕತ್ತರಿಸಿ, ಹೊಸದು ಬೆಸೆದು, ಕಾಂಕ್ರೀಟು ತಾಗದ ಹಾಗೆ ಕವಚ ತೊಡಿಸಿ, ಒಂದು ಹಗಲು ಒಂದು ರಾತ್ರಿ ಗಾಳಿ ತುಂಬಿಸಿಯೇ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಆಮೇಲೆಯೇ ಗುಂಡಿ ಮುಚ್ಚಿದ್ದು. ನಾಲ್ಕು ವಾರ ಬಾಯ್ಲರ್ ಹಚ್ಚಲಿಲ್ಲ, ಡಿಸೆಂಬರ್ ಚಳಿಯಲ್ಲಿ ಎಲ್ಲರಿಗೂ ಎರಡೆರಡು ಸ್ವೆಟರ್. ಅವಸರಪಟ್ಟರೆ ತೇಪೆ ಬಿರುಕು ಬಿಡುತ್ತದೆ. ಹಚ್ಚಿದ ಮೇಲೂ ದಿನಕ್ಕಿಷ್ಟು ಅಂತ ಏರಿಸಿ 115 ಡಿಗ್ರಿ ಫ್ಯಾರನ್‌ಹೀಟ್‌ಗೆ ತಂದೆ. ಅದಕ್ಕಿಂತ ಮೇಲೆ ನಾನು ಒಯ್ಯುವುದಿಲ್ಲ.

ಆ ಎರಡಡಿಯ ಗುಂಡಿಯ ಮೇಲೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಅಜ್ಜಿ ಮನೆಯ ಕೆಂಪು ನೆಲ ನೆನಪಾಗಿ, ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ತೀಡಿ ತೀಡಿ ಹೊಳಪು ತಂದೆ. ಎರಡು ವಾರ ಕನ್ನಡಿ ಹಾಗಿತ್ತು. ಬಿಸಿ ಹತ್ತಿದ್ದೇ ಕೂದಲಿನಂಥ ಬಿರುಕುಗಳು. ಅಜ್ಜಿ ಮನೆಯ ನೆಲದ ಕೆಳಗೆ ಬಾಯ್ಲರ್ ಇರಲಿಲ್ಲವಲ್ಲ. ಈಗ ಅದರ ಮೇಲೆ ಚಾಪೆ ಹಾಸಿದೆ. ಆದರೆ ಆ ಜಾಗದಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಇಟ್ಟರೆ ಜನವರಿಯಲ್ಲೂ ಒಂಬತ್ತು ಗಂಟೆಯಲ್ಲಿ ಉಕ್ಕಿ ಬರುತ್ತದೆ. ಮನೆಯವಳು ನನ್ನ ಕೆಲಸವನ್ನು ಒಪ್ಪಿದ್ದು ಗೇಜು ನೋಡಿ ಅಲ್ಲ, ಹಿಟ್ಟು ನೋಡಿ.

ಗೋಡೆಯ ಹಲಗೆ ವಿಷಯದಲ್ಲಿ ಸೋತೆ. ಹಿಂದಿನವರು ಲೌವಾನ್ ಮಹಾಗನಿಗೆ ಬಿಳಿ ಬಣ್ಣ ಬಳಿದಿದ್ದರು. ಕೆರೆದು ತೆಗೆಯೋಣ ಅಂತ ಉಜ್ಜುಗಾಗದ ಹಿಡಿದೆ. ಮೇಲಿನ ಪದರ ಹಪ್ಪಳಕ್ಕಿಂತ ತೆಳು, ಹೋಗೇಬಿಟ್ಟಿತು. ಹೊಸ ಹಲಗೆ ತಂದು ಬಣ್ಣ ಬೆರೆಸಿದ ಶೆಲಾಕ್ ಹಚ್ಚಿದೆ. ಹಳೆಯದಕ್ಕೆ ಹೊಂದುವ ಬಣ್ಣ ಬರಲು ಹನ್ನೊಂದು ತುಂಡು ಹಾಳು ಮಾಡಿದೆ. ಪ್ರಮಾಣ ಗ್ಯಾರೇಜಿನ ಗೋಡೆ ಮೇಲೆ ಬರೆದಿಟ್ಟಿದ್ದೇನೆ, ಮನೆಗೆ ಬಂದು ಕಾಫಿ ಕುಡಿದವರಿಗೆ ಕಾಣಿಸುತ್ತದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಯಂತ್ರದ ಬಾಡಿಗೆ, ಕ್ಯಾಮೆರಾ, ಗ್ಯಾಸು, ಬೆಳ್ಳಿ ಕಡ್ಡಿ, ಪಂಪು, ಸಿಮೆಂಟು, ನನ್ನ ದಡ್ಡತನ ಎಲ್ಲಾ ಸೇರಿ 2,400 ಡಾಲರ್ ದಾಟಿಲ್ಲ. ಆದರೆ ಒಂದು ನಿಜ ಮುಚ್ಚಿಡಬಾರದು. ಅದಕ್ಕೂ ಹಿಂದಿನ ವರ್ಷ ಸೂರಿನ ಟಾರು ಜಲ್ಲಿ ಕಿತ್ತು ಫೋಮ್ ಹೊಡೆಸಲು 21 ಸಾವಿರ ಹೋಗಿತ್ತು. ಈ ಮನೆಗಳಿಗೆ ಅಟ್ಟವಿಲ್ಲ. ಒಳಗೆ ಕಾಣುವ ಹಲಗೆಯೇ ಚಾವಣಿ, ಅದೇ ಸೂರು. ನೆಲ ಎಷ್ಟು ಕಾದರೂ ಶಾಖ ಮೇಲಿಂದ ಹಾರಿಹೋಗುತ್ತದೆ. ಫೋಮ್ ಇಂಚಿಗೆ ಆರರಷ್ಟು ಆರ್-ಮೌಲ್ಯ (ಶಾಖ ತಡೆಯುವ ಅಳತೆ) ಕೊಡುತ್ತದೆ. ಮೊದಲು ಸೂರು, ಆಮೇಲೆ ನೆಲ. ತಿರುಗುಮುರುಗು ಮಾಡಿದವರು ನೆಲವನ್ನು ಬೈಯುತ್ತಾರೆ. ನಮ್ಮ ಜನವರಿ ಗ್ಯಾಸಿನ ಬಿಲ್ಲು 400ರ ಮೇಲಿದ್ದದ್ದು 250ರ ಹತ್ತಿರ ಬಂದಿದೆ. ಕಿಟಕಿಗಳ ಒಂಟಿ ಪದರದ ಗಾಜು ಇನ್ನೂ ಹಾಗೇ ಇದೆ, ಅದನ್ನು ಮುಟ್ಟುವ ಧೈರ್ಯ ನನಗಿಲ್ಲ.

ಮೊನ್ನೆ ಎರಡು ಮನೆ ಆಚೆಯವರು ಬಂದಿದ್ದರು. ನಾನು ಅಗೆಯುವಾಗ ಬೇಲಿ ಆಚೆಯಿಂದ ನಕ್ಕವರು. ಅವರದ್ದು ರಾತ್ರಿಗೆ ಮೂರು ಪಾಯಿಂಟ್ ಇಳಿಯುತ್ತಿದೆಯಂತೆ. ಸ್ಟೆತಸ್ಕೋಪ್ ಕೊಟ್ಟು ಕಳಿಸಿದೆ. ಶನಿವಾರ ಅವರ ಮನೆಯ ಫ್ರಿಜ್ಜು ಆರಿಸಿಡಲು ಹೇಳಿದ್ದೇನೆ, ಇನ್ನೊಂದು ವಸ್ತುವನ್ನು ನಾನೇ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.